ಬಾಗಿಲಿಗೊಂದು ಹನಿ ಅಂಟು

ಜೂನ್ ೪

ಈ ಪುಟಾಣಿ ಮನೆಗಳಿಗೆಲ್ಲ ಅಂಟು ಮೆತ್ತಿದ ಮಹನೀಯರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ, ನಿಮ್ಮದು ನನಗಿಲ್ಲ. ವಿಳಾಸ ಕೊಟ್ಟವನು ಹಳೇ ಸಾಮಾನಿನ ಅಂಗಡಿಯವನು. ನಿಮ್ಮ ಪೆಟ್ಟಿಗೆಯನ್ನು ಅವನಿಂದ ಕೊಂಡು ಮನೆಗೆ ತಂದು ಬಿಚ್ಚಿ ನೋಡಿ, ತಿರುಗಿ ಹೋಗಿ ಜಗಳ ತೆಗೆದೆ. "ನಾನು ಮಾರೋನು ಅಷ್ಟೇ ಸ್ವಾಮಿ, ಯಾಕೆ ಹಿಂಗೆ ಮೆತ್ತಿದೀರಿ ಅಂತ ಮೆತ್ತಿದವರನ್ನೇ ಕೇಳಿ" ಎಂದು ಚೀಟಿ ಬರೆದುಕೊಟ್ಟ. ಆದ್ದರಿಂದ ಕೇಳುತ್ತಿದ್ದೇನೆ.

ನಾನು ಹಲ್ಲು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಅದಕ್ಕೆ ಹೊಂದುವ ಹಲ್ಲಿನ ಸೆಟ್ ಮಾಡುತ್ತೇನೆ. ಬಿಡುವಾದಾಗ, ಯಾರೋ ಆಡಿ ಬಿಟ್ಟ ಪುಟ್ಟ ಮನೆ, ಅಂಗಡಿ, ರೈಲ್ವೆ ಸ್ಟೇಷನ್ನುಗಳ ಮಾದರಿಗಳನ್ನು ತಂದು, ಹಳೇ ಅಂಟು ಬಿಡಿಸಿ, ಹೊಸದರಂತೆ ಮಾಡುವುದು ನನ್ನ ಚಟ. "ಹಗಲೆಲ್ಲ ಊರವರ ಹಲ್ಲು, ಸಂಜೆ ಆದ್ರೆ ಊರವರ ಕಸ" ಎನ್ನುತ್ತಾಳೆ ನನ್ನ ಹೆಂಡತಿ.

ಅಂಟಿನ ಅವತಾರಗಳನ್ನು ಬೇಕಾದಷ್ಟು ನೋಡಿದ್ದೇನೆ. ಗೋಡೆಯ ಸಂದಿನಿಂದ ಉಕ್ಕಿದ್ದು, ಕಿಟಕಿಯ ಗಾಜನ್ನು ಮಬ್ಬು ಮಾಡಿದ್ದು, ಬೆರಳಚ್ಚಿನ ಸಮೇತ ಒಣಗಿದ್ದು, ಎಲ್ಲ. ಆದರೆ ಅವೆಲ್ಲ ಅಂಟು ಬೇಕಾದ ಜಾಗದ ಅಕ್ಕಪಕ್ಕವೇ ಇರುತ್ತವೆ. ನೀವು ಅಂಟು ಬೇಡವೇ ಬೇಡದ ಜಾಗವನ್ನು ಹುಡುಕಿ ಹುಡುಕಿ ಹಚ್ಚಿದ್ದೀರಿ. ಬ್ಯಾಂಕಿನ ಬಾಗಿಲ ಮೇಲೆ ಅಂಟಿನ ಒಂದು ಗುಂಡು. ಗಡಿಯಾರದ ಗೋಪುರವಿರುವ ಸ್ಟೇಷನ್ನಿನ ಬಾಗಿಲ ಮೇಲೆ ಎರಡು. ಫುಟ್‌ಪಾತಿನ ಪಟ್ಟಿಗಳಿಗಂತೂ ಕಜ್ಜಿ ಎದ್ದ ಹಾಗಿದೆ. ತಪ್ಪು ತಿಳಿಯಬೇಡಿ, ಅಂಟಿನ ಬಾಟಲಿಯನ್ನು ಮಕ್ಕಳ ಕೈಗೆ ಕೊಟ್ಟಿದ್ದಿರಾ? ಬೇಕರಿಯ ಪಕ್ಕ ರೆಕ್ಕೆ ತಿರುಗುವ ಗಾಳಿಯಂತ್ರ ನಿಲ್ಲಿಸಿದ್ದು ಯಾರ ಬುದ್ಧಿ?

ನನಗೆ ಬೇಕಾದ್ದು ಇಷ್ಟೇ, ಯಾವ ಯಾವ ಅಂಟು ಬಳಸಿದಿರಿ? ಒಂದೊಂದಕ್ಕೆ ಒಂದೊಂದು ಮದ್ದು. ತಿಳಿಯದೆ ಉಗುರುಬಣ್ಣ ಅಳಿಸುವ ದ್ರಾವಣ ಹಾಕಿಬಿಟ್ಟರೆ ಅಂಟಿಗಿಂತ ಮುಂಚೆ ಪ್ಲಾಸ್ಟಿಕ್ಕೇ ಕರಗಿ ಹೋಗುತ್ತದೆ. ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ಇತಿ,
ಹಲ್ಲಿನ ಲ್ಯಾಬಿನವನು


ಜೂನ್ ೧೯

ಹಲ್ಲಿನವರಿಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ಟೈಪ್ ಮಾಡಿ ಬರೆಯುತ್ತಿದ್ದೇನೆಂದು ಬೇಸರಿಸಬೇಡಿ, ನನಗೆ ಮೊದಲಿನಿಂದ ಇದೇ ಅಭ್ಯಾಸ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತಳಾದವಳು ನಾನು. ಈಗ ಬೇರೆ ಊರಿನಲ್ಲಿ ತಂಗಿಯ ಮನೆಯಲ್ಲಿದ್ದೇನೆ.

ಅಂಟು ಮೆತ್ತಿದ ಮಹನೀಯರು ನಮ್ಮ ಮನೆಯವರು. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ನಿಮ್ಮ ಪತ್ರಕ್ಕೆ ತಕ್ಕ ಉತ್ತರವನ್ನು ಅವರೇ ಕೊಡುತ್ತಿದ್ದರು, ಆದರೆ ಕಳೆದ ವರ್ಷ ತೀರಿಕೊಂಡರು. ಮಕ್ಕಳ ಕೈಗೆ ಬಾಟಲಿ ಕೊಟ್ಟಿರಲಿಲ್ಲ. ನಮಗೆ ಮಕ್ಕಳಿಲ್ಲ.

ಬಾಗಿಲುಗಳ ಮೇಲಿರುವುದು ಎರಡು ಟ್ಯೂಬು ಬೆರೆಸಿ ಹಚ್ಚುವ ಅಂಟು. ಮೆಟ್ಟಿಲು, ಫುಟ್‌ಪಾತುಗಳಲ್ಲಿ ಒರಟಾಗಿರುವುದು ಕ್ಷಣದಲ್ಲಿ ಹಿಡಿಯುವ ಅಂಟು, ಮೆತ್ತಗಿರುವುದು ಸೈಕಲ್ ಪಂಕ್ಚರಿನ ಸಲ್ಯೂಷನ್. ನೀವು ಸ್ಟೇಷನ್ ಎನ್ನುವುದು ಸ್ಟೇಷನ್ನಲ್ಲ, ಎಕ್ಸ್‌ಚೇಂಜು. ಗಾಳಿಯಂತ್ರವೆಂದರೆ ಹಿಟ್ಟಿನ ಗಿರಣಿ. ಅದು ಎಲ್ಲಿರಬೇಕೋ ಅಲ್ಲೇ ಇದೆ.

ಬ್ಯಾಂಕಿನ ಬಾಗಿಲ ಮೇಲಿನ ಗುಂಡು ಹಾಗೇ ಇದೆಯೇ, ತೆಗೆದುಬಿಟ್ಟಿರಾ?

ಇತಿ,
ಆಪರೇಟರು


ಜುಲೈ ೨

ಮೇಡಂ,

ನಿಮ್ಮವರು ತೀರಿಕೊಂಡದ್ದು ತಿಳಿಯದೆ ಬಾಯಿಗೆ ಬಂದಂತೆ ಬರೆದುಬಿಟ್ಟೆ. ಮನ್ನಿಸಬೇಕು. ನಿಮ್ಮ ಪತ್ರ ಓದಿದ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ಅಂಟಿನ ವಿಷಯದಲ್ಲಿ ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ. ಹಚ್ಚಿದ ಜಾಗ ತಪ್ಪು, ಹಚ್ಚಿದ ಅಳತೆ ತಪ್ಪು. ಪಂಕ್ಚರ್ ಹಾಕುವ ಕೈ ಮನೆ ಕಟ್ಟಲು ಹೋದರೆ ಹೀಗೇ.

ಈಗ ಕೆಲಸದ ಸುದ್ದಿ. ಕ್ಷಣದಲ್ಲಿ ಹಿಡಿಯುವ ಅಂಟಿಗೆ ಚಳಿಯೇ ಮದ್ದು. ಫ್ರೀಜರಿನಲ್ಲಿ ಚೆನ್ನಾಗಿ ತಣ್ಣಗಾದರೆ ಪೆಡಸಾಗುತ್ತದೆ, ಚಾಕುವಿನ ತುದಿ ತಾಗಿಸಿದರೆ ಟಪ್ಪೆಂದು ಹಾರಿಹೋಗುತ್ತದೆ. ಬೇಕರಿಯನ್ನು ಹಾಗೆ ಇಟ್ಟು ಮರೆತೆ. ಮಾತು ಬಿಟ್ಟಿದ್ದ ಹೆಂಡತಿ ಅಂದು ಮೊದಲ ಸಲ ಬಾಯಿಬಿಟ್ಟಳು: "ಬಟಾಣಿ ಪಕ್ಕ ಬೇಕರಿ ಇಟ್ಟಿದೀರಲ್ಲ, ಇದನ್ನೂ ಬೇಯಿಸ್ಬೇಕಾ?" ಹೀಗೆ ನಿಮ್ಮವರ ಅಂಟಿನಿಂದ ನಮ್ಮ ಮನೆಯಲ್ಲಿ ರಾಜಿಯಾಯಿತು.

ಎರಡು ಟ್ಯೂಬಿನ ಅಂಟು ಮಾತ್ರ ಚಳಿಗೂ ಜಗ್ಗುವುದಿಲ್ಲ, ಸ್ಪಿರಿಟ್ಟಿಗೂ ಜಗ್ಗುವುದಿಲ್ಲ. ಬ್ಯಾಂಕಿನ ಗುಂಡನ್ನು ಹಲ್ಲು ಕೆರೆಯುವ ಕೊಕ್ಕೆಯಿಂದ ಚೂರು ಚೂರೇ ಕೆರೆದೆ. ಆಮೇಲೆ ನೀರು ಹಾಕಿ ನುಣ್ಣನೆಯ ಉಪ್ಪುಕಾಗದದಲ್ಲಿ ಉಜ್ಜಿ, ಹಲ್ಲಿಗೆ ಹೊಳಪು ಕೊಡುವ ಪುಡಿಯನ್ನೇ ಹಾಕಿ ತಿಕ್ಕಿದೆ. ಬಾಗಿಲು ಈಗ ಕನ್ನಡಿಯಾಗಿದೆ. ಫೋಟೋ ಇಟ್ಟಿದ್ದೇನೆ. ಎಡಗಡೆಯದು ಹಳೇ ಅವತಾರ, ಬಲಗಡೆಯದು ನನ್ನ ಕೈಚಳಕ. ನೋಡಿ ನೀವೇ ಹೇಳಿ.

ಇತಿ,
ಹಲ್ಲಿನವನು


ಜುಲೈ ೧೫

ಹಲ್ಲಿನವರೇ,

ಫೋಟೋ ತಲುಪಿತು. ಬಲಗಡೆಯದು ಬಹಳ ಚೆನ್ನಾಗಿದೆ ಎಂದು ತಂಗಿ ಹೇಳಿದಳು.

ಬ್ಯಾಂಕಿನ ಗುಂಡು ಬಿಡಿಸಲು ಕಷ್ಟವಾಯಿತೆಂದು ತಿಳಿದು, ನಿಜ ಹೇಳುತ್ತೇನೆ, ಸಂತೋಷವಾಯಿತು. ನಮ್ಮ ಮನೆಯವರು ಹಚ್ಚಿದ್ದು ಅಷ್ಟು ಸುಲಭಕ್ಕೆ ಏಳುವಂಥದ್ದಲ್ಲ. ನಿಮ್ಮ ಹಲ್ಲುಗಳೂ ಹಾಗೆ ನಿಲ್ಲುತ್ತವೆಯೇ? ನನ್ನ ತಂಗಿಯ ಯಜಮಾನರ ಸೆಟ್ಟು ಸೀನಿದಾಗಲೆಲ್ಲ ಹೊರಗೆ ಹಾರುತ್ತದೆ. ಯಾವ ಲ್ಯಾಬಿನದೋ ಕೇಳಿ ಹೇಳುತ್ತೇನೆ, ನಿಮ್ಮದಾಗದಿರಲಿ.

ಸಲ್ಯೂಷನ್ ಹಚ್ಚಿದ ಪಟ್ಟಿ ಈಗಲೂ ಮೆತ್ತಗಿದೆಯೇ? ಅದನ್ನು ಬೆರಳಿನಿಂದ ಉಜ್ಜಿದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಜೋಪಾನ.

ಒಂದು ಕೋರಿಕೆ. ಪೆಟ್ಟಿಗೆಯನ್ನು ನಾನೇ ಕೊಟ್ಟದ್ದು, ವಾಪಸು ಕೇಳುವ ಹಕ್ಕು ನನಗಿಲ್ಲ. ಆದರೂ ಎಕ್ಸ್‌ಚೇಂಜನ್ನು ಒಂದು ಸಲ ಕಳಿಸಿಕೊಡುತ್ತೀರಾ? ಸ್ವಲ್ಪ ಕಾಲ ಕೈಯಲ್ಲಿಟ್ಟುಕೊಂಡು ಹಿಂದಿರುಗಿಸುತ್ತೇನೆ.

ಆಪರೇಟರು


ಜುಲೈ ೨೮

ಮೇಡಂ,

ಎಕ್ಸ್‌ಚೇಂಜನ್ನು ಹತ್ತಿಯಲ್ಲಿ ಸುತ್ತಿ, ಹಲ್ಲಿನ ಸೆಟ್ ಕಳಿಸುವ ಡಬ್ಬಿಯಲ್ಲಿಟ್ಟು ಕಳಿಸಿದ್ದೇನೆ. ಡಬ್ಬಿಯ ಮೇಲೆ "ಮೇಲ್ದವಡೆ" ಎಂದಿದ್ದರೆ ಗಾಬರಿಯಾಗಬೇಡಿ. ಹಿಂದಿರುಗಿಸುವುದೇನೂ ಬೇಡ, ಇಟ್ಟುಕೊಳ್ಳಿ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದಾದ ಅತ್ಯುತ್ತಮ ಕೆಲಸ ಅದು. ಬಾಗಿಲ ಮೇಲಿನ ಎರಡು ಗುಂಡುಗಳೂ, ಮೆಟ್ಟಿಲಿನ ಒರಟೂ ಗುರುತೇ ಇಲ್ಲದಂತೆ ಹೋಗಿವೆ. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಏನೂ ತಾಗುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ.

ಒಂದು ವಿಷಯ ಮಾತ್ರ ತಲೆ ತಿನ್ನುತ್ತಿದೆ. ಗೋಡೆ ಗೋಡೆ ಕೂಡುವ ಕಡೆ, ಸೂರು ಕೂಡುವ ಕಡೆ, ಅಂದರೆ ನಿಜವಾಗಿ ಅಂಟು ಬೇಕಾದ ಕಡೆ, ಭೂತಗನ್ನಡಿ ಹಿಡಿದು ನೋಡಿದರೂ ಅಂಟು ಕಾಣುವುದಿಲ್ಲ. ಅಷ್ಟು ಚೊಕ್ಕ ಜೋಡಣೆ ನನ್ನಿಂದಲೂ ಆಗುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಮನೆ ಜೋಡಿಸಿದವರು ಒಬ್ಬರು, ಹೊರಗೆ ಮೆತ್ತಿದವರು ಇನ್ನೊಬ್ಬರೇ? ಒಂದೇ ಕೈ ಹೀಗೆ ಎರಡು ಥರ ಕೆಲಸ ಮಾಡಲು ಸಾಧ್ಯವಿಲ್ಲ.

ಹಲ್ಲಿನವನು


ಆಗಸ್ಟ್ ೩೦

ಮೇಡಂ, ಎಕ್ಸ್‌ಚೇಂಜು ತಲುಪಿದ ಬಗ್ಗೆ ಸುದ್ದಿಯಿಲ್ಲ. ದಾರಿಯಲ್ಲಿ ಒಡೆದುಹೋಯಿತೇ? ಅಥವಾ ನಾನು ಏನಾದರೂ ಬರೆಯಬಾರದ್ದು ಬರೆದೆನೇ? ಹೆಂಡತಿಯಂತೂ ಎರಡನೆಯದೇ ಇರಬೇಕು ಎನ್ನುತ್ತಾಳೆ. ಇನ್ನು ಉಳಿದಿರುವುದು ಫುಟ್‌ಪಾತಿನ ಪಟ್ಟಿಗಳು. ಈ ವಾರ ಅವಕ್ಕೆ ಕೈ ಹಚ್ಚುತ್ತೇನೆ. ಒಂದು ಸಾಲು ಬರೆಯಿರಿ.


ಸೆಪ್ಟೆಂಬರ್ ೯

ಹಲ್ಲಿನವರೇ,

ಪಟ್ಟಿಗಳಿಗೆ ಕೈ ಹಚ್ಚಬೇಡಿ. ಹಚ್ಚಿದ್ದರೆ ಇಲ್ಲಿಗೇ ನಿಲ್ಲಿಸಿ.

ಎಕ್ಸ್‌ಚೇಂಜು ಒಡೆದಿಲ್ಲ, ಸುರಕ್ಷಿತವಾಗಿ ಬಂತು. ತಂಗಿ ಡಬ್ಬಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಗೋಪುರ ಸಿಕ್ಕಿತು, ಗೋಡೆ ಸಿಕ್ಕಿತು. ಬಾಗಿಲು ಸಿಗಲಿಲ್ಲ. ಸುತ್ತಲೂ ಎರಡು ಮೂರು ಸಲ ಸವರಿದೆ. ನೀವು ಬರೆದದ್ದು ನಿಜ, ಬೆರಳಿಗೆ ಏನೂ ತಾಗಲಿಲ್ಲ.

ನನಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ನಿಮ್ಮ ಪತ್ರಗಳನ್ನು ತಂಗಿ ಓದಿ ಹೇಳುತ್ತಾಳೆ. ಮೊದಲನೆಯದನ್ನು ಓದುವಾಗ ನಡುನಡುವೆ ಏನನ್ನೋ ನುಂಗುತ್ತಿದ್ದಳು. ದಿನವಿಡೀ ದನಿ ಕೇಳಿ ಬದುಕಿದವಳಿಗೆ ಅದು ತಿಳಿಯುವುದಿಲ್ಲವೇ? "ಕಜ್ಜಿ" ಸಮೇತ ಮತ್ತೊಮ್ಮೆ ಓದಿಸಿದೆ.

ಮದುವೆಯಾದ ಹೊಸದರಲ್ಲಿ ನನಗೆ ಆ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಮನೆಯಿಂದ ಅಲ್ಲಿಗೆ ದಾರಿ ಗೊತ್ತಿರಲಿಲ್ಲ. ನಮ್ಮ ಮನೆಯವರು ಯಾರಿಂದಲೋ ಹಳೇ ಆಟಿಕೆ ಮನೆಗಳನ್ನು ತಂದು, ನೀವು ಕಂಡ ಆ ಜೋಡಣೆ ಮಾಡಿ, ಹಲಗೆಯ ಮೇಲೆ ಇಡೀ ಬೀದಿ ಎಬ್ಬಿಸಿದರು. ಅಂಟನ್ನು ಎಲ್ಲಿ ಹಚ್ಚಬೇಕೆಂದು ತಿಳಿಯಲು ಅವರೇ ಕಣ್ಣು ಮುಚ್ಚಿಕೊಂಡು ಆ ದಾರಿಯಲ್ಲಿ ನಡೆದರು. ಮೊಣಕಾಲು ಒಡೆದುಕೊಂಡರು. ಸೈಕಲ್ ಅಂಗಡಿಯವರು ಬೆಳಿಗ್ಗೆ ಬೆಳಿಗ್ಗೆಯೇ ಕುಡಿಯಲು ಶುರುಮಾಡಿದ್ದಾರೆ ಎಂದು ಬೀದಿಯಲ್ಲಿ ಸುದ್ದಿಯಾಯಿತು. ಎಡವಿದ ಕಡೆಯೆಲ್ಲ ಮನೆಗೆ ಬಂದು ಅಂಟು ಹಚ್ಚಿದರು. ಗಟ್ಟಿ ಗುಂಡು ಇದ್ದರೆ ಬಾಗಿಲು. ಎರಡು ಗುಂಡು ನನ್ನ ಬಾಗಿಲು. ಒರಟು ಇದ್ದರೆ ಮೆಟ್ಟಿಲು ಇಲ್ಲವೇ ಚರಂಡಿ. ಮೆತ್ತಗಿದ್ದರೆ ಕಲ್ಲು ಮುಗಿದು ಮಣ್ಣು ಶುರು. ಗಿರಣಿ ಸದ್ದು ಮಾಡುತ್ತದೆ, ಅದಕ್ಕೇ ಗಾಳಿಯಂತ್ರ. ಬೀದಿ ಬದಲಾದಾಗಲೆಲ್ಲ ಹಳೆಯದನ್ನು ಕೆರೆದು ಹೊಸದು ಹಚ್ಚುತ್ತಿದ್ದರು. ಅಂಟು ಬಿಡಿಸುವ ಕೆಲಸ ಅವರಿಗೂ ಗೊತ್ತಿತ್ತು.

ನಾನು ಆ ಬೀದಿಯಲ್ಲಿ ಒಬ್ಬಳೇ ನಡೆದು ಹೋಗಿ, ಒಬ್ಬಳೇ ನಡೆದು ಬಂದು, ನಿವೃತ್ತಳಾಗುವವರೆಗೆ ಕೆಲಸ ಮಾಡಿದೆ. ನನ್ನ ಕೈ ಹಿಡಿದುಕೊಳ್ಳಲು ಯಾರಿಗೂ ಅವಕಾಶ ಕೊಡಲಿಲ್ಲ. ಅವರು ಹೋದ ಮೇಲೆ ತಂಗಿ ಬಂದು ಕರೆದುಕೊಂಡು ಬಂದಳು. ಇನ್ನು ಆ ಬೀದಿ ಏತಕ್ಕೆಂದು ಕೊಟ್ಟುಬಿಟ್ಟೆ. ಹಲಗೆ ದೊಡ್ಡದಾಯಿತೆಂದು ಅಂಗಡಿಯವನು ಪಟ್ಟಿ ಪಟ್ಟಿಯಾಗಿ ಕಿತ್ತು ಪೆಟ್ಟಿಗೆಗೆ ತುಂಬಿಕೊಂಡು ಹೋದ.

ಇದರಲ್ಲಿ ನಿಮ್ಮ ತಪ್ಪಿಲ್ಲ. ನಾನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ವಿಷಯ ತಿಳಿದೊಡನೆ ಎಲ್ಲರೂ ನನ್ನ ಜೊತೆ ದನಿ ತಗ್ಗಿಸುತ್ತಾರೆ. ಬಹಳ ದಿನಗಳ ಮೇಲೆ ಒಬ್ಬರು ನನ್ನೊಂದಿಗೆ ಸರಿಸಮವಾಗಿ ಜಗಳವಾಡುತ್ತಿದ್ದರು. ಅದನ್ನು ಕಳೆದುಕೊಳ್ಳುವ ಮನಸ್ಸಾಗಲಿಲ್ಲ.

ಆಪರೇಟರು


ಸೆಪ್ಟೆಂಬರ್ ೧೪

ಅಕ್ಕಾ,

ಹಾಗೆ ಕರೆಯುತ್ತೇನೆ, ಬೇಡವೆಂದರೂ ಕರೆಯುತ್ತೇನೆ. ತಂಗಿಯವರೇ, ಈ ಪತ್ರವನ್ನು ಏನೂ ನುಂಗದೆ ಓದಿ.

ಪಟ್ಟಿಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಲ್ಯಾಬಿನಲ್ಲಿ ಸೆಟ್ಟುಗಳು ರಾಶಿ ಬಿದ್ದು ಕೆಲಸ ತಡವಾಗಿತ್ತು. ಜನ್ಮದಲ್ಲಿ ಮೊದಲ ಸಲ ಊರವರ ಹಲ್ಲು ಉದುರಿದ್ದಕ್ಕೆ ಸಂತೋಷಪಟ್ಟೆ.

ನಿಮ್ಮ ಪತ್ರ ಓದಿ ಅತ್ತೆ. ಹೆಂಡತಿಯೂ ಅತ್ತಳು. ಆಮೇಲೆ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಬೆರಳಿಟ್ಟೆ. ನುಣ್ಣಗೆ ಹೋಗುತ್ತಾ ಇದ್ದದ್ದು ಒರಟಾಯಿತು, ಬೆರಳು ತಾನಾಗಿ ನಿಂತಿತು. ದಾಟಿದರೆ ಮತ್ತೆ ನುಣುಪು. ಇನ್ನೂ ಮುಂದೆ ಹೋದರೆ ಮೆತ್ತಗೆ, ನಿಜವಾಗಿ ಮಣ್ಣಿನ ಮೇಲೆ ಕಾಲಿಟ್ಟಂತೆ. ಒಂದು ಹನಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ನಾನು ಕಜ್ಜಿ ಎಂದೆ. ಪಂಕ್ಚರ್ ಹಾಕುವ ಕೈ ಎಂದೆ. ಅಕ್ಕಾ, ಹಲ್ಲಿನ ಕೆಲಸದಲ್ಲಿ ದೊಡ್ಡ ದೊಡ್ಡ ಕೈಗಳನ್ನು ಕಂಡಿದ್ದೇನೆ. ನಿಮ್ಮವರದಕ್ಕಿಂತ ಒಳ್ಳೆಯ ಕೈಯನ್ನು ಕಂಡಿಲ್ಲ. ಬದುಕಿದ್ದರೆ ಬಂದು ಕಾಲು ಹಿಡಿಯುತ್ತಿದ್ದೆ.

ಯಾವ ಬಾಗಿಲಿಗೆ ಎಷ್ಟು ಗುಂಡು, ಎಲ್ಲಿ, ಎಷ್ಟು ಎತ್ತರ ಎಂದು ಹೇಳಿ. ಎಲ್ಲವನ್ನೂ ಮತ್ತೆ ಹಚ್ಚಿ, ಬೀದಿಯನ್ನು ಮೊದಲಿನಂತೆ ಹಲಗೆಯ ಮೇಲೆ ನಿಲ್ಲಿಸಿ ಕಳಿಸುತ್ತೇನೆ. ದನಿ ತಗ್ಗಿಸುವುದಿಲ್ಲ, ಮಾತು ಕೊಡುತ್ತೇನೆ.

ನಿಮ್ಮ ತಮ್ಮ,
ಹಲ್ಲಿನವನು


ಅಕ್ಟೋಬರ್ ೩

ತಮ್ಮಾ,

ತಂಗಿ ನುಂಗದೆ ಓದಿದಳು. ಒಂದು ಕಡೆ ನಿಲ್ಲಿಸಿ ಮೂಗು ಒರೆಸಿಕೊಂಡಳು, ಅಷ್ಟೇ.

ನಿಮ್ಮ ಮಾತುಗಳನ್ನು ಅವರು ಕೇಳಿದ್ದರೆ ನಾಚಿಕೊಂಡು ಅಂಗಡಿಗೆ ಓಡಿಹೋಗುತ್ತಿದ್ದರು. ಅವರನ್ನು ಮೆಚ್ಚುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಈಗ ಇಬ್ಬರಾದೆವು. ಅದರಿಂದ ಆದ ಸಮಾಧಾನ ದೊಡ್ಡದು.

ಆದರೆ ಆ ಬೀದಿ ಬೇಡ. ನಾನು ಅಲ್ಲಿ ಮತ್ತೆ ನಡೆಯುವುದಿಲ್ಲ. ಹೋಗದ ಬೀದಿಯನ್ನು ಬೆರಳಲ್ಲಿ ಸವರುತ್ತ ಕೂತರೆ ದುಃಖ ಹೆಚ್ಚೇ ಹೊರತು ಕಡಿಮೆಯಾಗುವುದಿಲ್ಲ. ನಿಮ್ಮಲ್ಲೇ ಇರಲಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಊಟ, ಬಟ್ಟೆ, ರೇಡಿಯೋ. ತಂಗಿಗೆ ನನ್ನ ಮೇಲೆ ಪ್ರಾಣ. ಎಷ್ಟೆಂದರೆ, ಅಂಗಳ ದಾಟಬೇಕಾದರೂ ತೋಳು ಹಿಡಿಯುತ್ತಾಳೆ. "ಅಕ್ಕ, ಇದು ಹೊಸ ಊರು ಕಣೇ, ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ" ಎನ್ನುತ್ತಾಳೆ. ನನ್ನ ಕೋಲು ಬಾಗಿಲ ಹಿಂದೆ ಒರಗಿ ಕೂತಿದೆ. ಬಂದ ಮೇಲೆ ನಾನು ಒಬ್ಬಳೇ ಬೀದಿಗೆ ಇಳಿದಿಲ್ಲ. ಈ ಪತ್ರವನ್ನೂ ಅವಳೇ ಡಬ್ಬಿಗೆ ಹಾಕುತ್ತಾಳೆ. ಅಂಚೆ ಡಬ್ಬಿ ಹತ್ತಿರವೇ ಇದೆಯಂತೆ, ಮೂಲೆಯಲ್ಲಿ. ಇರಬಹುದು. ನನಗೆ ಅದು ಬರೀ ಕೇಳಿದ ಮಾತು.

ಅಕ್ಕ


ಅಕ್ಟೋಬರ್ ೧೨

ಅಕ್ಕಾ,

ಹಾಗಾದರೆ ಆ ಬೀದಿ ಬೇಡ, ಈ ಬೀದಿ ಕೊಡಿ. ನಿಮ್ಮ ತಂಗಿಯ ಮನೆ ಬಾಗಿಲಿನಿಂದ ಅಂಚೆ ಡಬ್ಬಿಯವರೆಗೆ. ಮೆಟ್ಟಿಲೆಷ್ಟು, ಚರಂಡಿ ಎಲ್ಲಿ, ಎಲ್ಲಿ ಕಲ್ಲು, ಎಲ್ಲಿ ಮಣ್ಣು, ಯಾವ ಕಡೆಯಿಂದ ಸದ್ದು. ಅಳತೆ ಬೇಕು. ಸೀನಿದರೆ ಹಲ್ಲು ಹಾರುವ ಯಜಮಾನರ ಕೈಗೆ ಟೇಪು ಕೊಟ್ಟು ಬೀದಿಗಿಳಿಸಿ. ಬದಲಿಗೆ ಅವರ ಸೆಟ್ಟು ನನಗೆ ಕಳಿಸಲಿ, ಜನ್ಮದಲ್ಲಿ ಹಾರದಂತೆ ಮಾಡಿಕೊಡುತ್ತೇನೆ.

"ತಂಗಿಗೆ ನೋವಾಗುತ್ತದೆ" ಎಂದು ಬರೆಯುತ್ತೀರೆಂದು ಗೊತ್ತು. ಇದನ್ನು ಓದುತ್ತಿರುವವರು ಅವರೇ ಆದ್ದರಿಂದ ಅವರಿಗೇ ಹೇಳುತ್ತೇನೆ. ತಂಗಿಯವರೇ, ನೀವು ತೋಳು ಹಿಡಿದದ್ದು ಪ್ರೀತಿಯಿಂದ. ನಾನು ಬಾಗಿಲ ಗುಂಡು ಕೆರೆದದ್ದೂ ಪ್ರೀತಿಯಿಂದಲೇ. ಅಕ್ಕನಿಗೆ ಬಾಗಿಲು ಸಿಗದಂತೆ ಮಾಡಿದ್ದರಲ್ಲಿ ನಾವಿಬ್ಬರೂ ಒಂದೇ.

ತಮ್ಮ


ನವೆಂಬರ್ ೬

ತಮ್ಮಾ,

ನಿಮ್ಮ ಪತ್ರ ಓದಿದ ಮೇಲೆ ತಂಗಿ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಕೊನೆಗೆ ಬಂದು ಟೇಪನ್ನು ಯಜಮಾನರ ಮುಂದೆ ಇಟ್ಟು, "ಹೋಗಿ ಅಳತೆ ತಗೊಂಡು ಬನ್ನಿ" ಎಂದಳು. ಅಷ್ಟೇ ಅಂದದ್ದು. ಅವಳಿಗೆ ಅದು ಎಷ್ಟು ಕಷ್ಟವಾಯಿತೆಂದು ದನಿಯಲ್ಲೇ ತಿಳಿಯಿತು.

ಯಜಮಾನರು ಟೇಪು ಹಿಡಿದು ಬೀದಿಗಿಳಿದದ್ದೇ ತಡ, ಸುದ್ದಿ ಹಬ್ಬಿತು. ರಸ್ತೆ ಅಗಲ ಮಾಡುತ್ತಾರಂತೆ, ಮುಂದಿನ ಗೋಡೆಗಳನ್ನೆಲ್ಲ ಒಡೆಯುತ್ತಾರಂತೆ. ಎದುರು ಮನೆಯವರು ಕೇಳಿದಾಗ, ಇವರು ಹಲ್ಲು ಬೇರೆ ನಿಮಗೆ ಕಳಿಸಿದ್ದರಲ್ಲ, ಬಾಯಿ ತೆರೆಯಲು ನಾಚಿ ಸುಮ್ಮನೆ ತಲೆಯಾಡಿಸಿದರು. ಸುದ್ದಿ ಇನ್ನೂ ಗಟ್ಟಿಯಾಯಿತು. ಬೆಳಗಾಗುವುದರೊಳಗೆ ಎಲ್ಲರೂ ಫುಟ್‌ಪಾತಿನಲ್ಲಿದ್ದ ತಮ್ಮ ತಮ್ಮ ಹೂಕುಂಡ, ಬೆಂಚು, ಸ್ಕೂಟರುಗಳನ್ನು ಒಳಗೆ ಎಳೆದುಕೊಂಡಿದ್ದಾರೆ. ದಾರಿ ಇಷ್ಟು ಖಾಲಿ ಎಂದೂ ಇರಲಿಲ್ಲ ಎನ್ನುತ್ತಾಳೆ ತಂಗಿ. ನಿಜವನ್ನು ಇನ್ನೂ ಯಾರಿಗೂ ಹೇಳಿಲ್ಲ.

ಅಳತೆಯ ಹಾಳೆ ಇದರ ಜೊತೆಗಿದೆ. ಮರ ಕೊಯ್ಯುವ ಮಿಲ್ಲು ಒಂದಿದೆ, ಡಬ್ಬಿಗಿಂತ ಸ್ವಲ್ಪ ಮೊದಲು, ಎಡಗಡೆ. ಅದರ ಸದ್ದು ಮಾತ್ರ ನನಗೂ ಗೊತ್ತು.

ಮಾಡಿ ನೋಡಿ. ನಾನು ನಡೆಯುತ್ತೇನೆಂದು ಮಾತು ಕೊಡುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ. ಈ ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ.

ಅಕ್ಕ


ಡಿಸೆಂಬರ್ ೨೨

ಅಕ್ಕಾ,

ಬೀದಿ ಬರುತ್ತಿದೆ. ದೊಡ್ಡ ಪೆಟ್ಟಿಗೆ, ಹುಷಾರಾಗಿ ಬಿಚ್ಚಿಸಿ. ಯಜಮಾನರ ಹಲ್ಲೂ ಅದರಲ್ಲೇ ಇದೆ, ಹತ್ತಿಯ ಜೊತೆ ಎಸೆದುಬಿಡಬೇಡಿ.

ಮೊದಲು ನಾನೂ ಕಣ್ಣು ಮುಚ್ಚಿ ನಮ್ಮ ಬೀದಿಯಲ್ಲಿ ನಡೆದೆ. ಕಾಣುವವನ ಅಂದಾಜಿನಲ್ಲಿ ಅಂಟು ಹಚ್ಚಿದರೆ ಸುಳ್ಳಾಗುತ್ತದೆಂದು ತಿಳಿದಿತ್ತು. ತರಕಾರಿ ಗಾಡಿಗೆ ಗುದ್ದಿಕೊಂಡೆ. ಮುಂಗಾಲು ಊದಿತು. ನನ್ನ ಬಗ್ಗೆಯೂ ಬೀದಿಯಲ್ಲಿ ಅದೇ ಕುಡಿತದ ಸುದ್ದಿಯಾಗಿದೆ. ನಿಮ್ಮವರ ಜೊತೆ ಒಂದೇ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದರೆಂದು ಹೆಮ್ಮೆಪಟ್ಟೆ.

ಮನೆಗಳೆಲ್ಲ ಅದೇ ಪೆಟ್ಟಿಗೆಯವು. ಬ್ಯಾಂಕು ಈಗ ನಿಮ್ಮ ತಂಗಿಯ ಮನೆ. ಬೇಕರಿ ಎದುರು ಮನೆ. ಗಾಳಿಯಂತ್ರವನ್ನು ಮರದ ಮಿಲ್ಲಿನ ಜಾಗದಲ್ಲಿ ನಿಲ್ಲಿಸಿದ್ದೇನೆ. ಅದು ಅಲ್ಲದೆ ಇನ್ನೇನು ಇಡಲಿ? ಫುಟ್‌ಪಾತನ್ನು ಹೊಸದಾಗಿ ಮಾಡಲು ಮನಸ್ಸು ಬರಲಿಲ್ಲ. ನಿಮ್ಮವರ ಪಟ್ಟಿಗಳನ್ನೇ ಅಳತೆಗೆ ಕತ್ತರಿಸಿ, ಅವರ ಚರಂಡಿಯನ್ನು ನಿಮ್ಮ ಚರಂಡಿಯ ಜಾಗಕ್ಕೆ, ಅವರ ಮಣ್ಣನ್ನು ನಿಮ್ಮ ಮಣ್ಣಿನ ಜಾಗಕ್ಕೆ ತಂದು ಕೂಡಿಸಿದೆ. ಕಾಲಿನ ಕೆಳಗೆ ಸಿಗುವುದೆಲ್ಲ ಅವರ ಕೈಯದೇ. ಅಂಚೆ ಡಬ್ಬಿ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ. ಹಲ್ಲು ಮಾಡುವ ಪದಾರ್ಥದಲ್ಲೇ ಕೆತ್ತಿದೆ. ಬಾಯಿ ತೆರೆದುಕೊಂಡು ನಿಂತಿದೆ.

ನಾನು ಹೊಸದಾಗಿ ಅಂಟು ಹಚ್ಚಿದ್ದು ಎರಡೇ ಕಡೆ. ಮನೆಯ ಬಾಗಿಲಿಗೆ ಎರಡು ಗುಂಡು. ಇಷ್ಟು ದಿನ ಅದು ತಂಗಿಯ ಬಾಗಿಲಾಗಿತ್ತು, ಇನ್ನು ನಿಮ್ಮದೂ ಹೌದು. ಮತ್ತೊಂದು ಹನಿ ಅಂಚೆ ಡಬ್ಬಿಯ ಬುಡದಲ್ಲಿ. ಹಚ್ಚುವಾಗ ಸ್ವಲ್ಪ ಆಚೆ ಹರಿಯಿತು. ಅಭ್ಯಾಸಬಲ, ಕೊಕ್ಕೆ ಎತ್ತಿಕೊಂಡೆ. ಹೆಂಡತಿ ಕೈ ಮೇಲೆ ಫಟ್ಟೆಂದು ಹೊಡೆದು, "ಮುಟ್ಟೀರಿ ಜೋಕೆ" ಎಂದಳು. ಹಾಗೇ ಬಿಟ್ಟಿದ್ದೇನೆ. ಅಂಟು ಬಿಡಿಸುವುದರಲ್ಲಿ ನನಗೆ ಸಾಟಿಯಿಲ್ಲ ಎಂದುಕೊಂಡಿದ್ದವನು, ಹಚ್ಚುವುದನ್ನು ಈಗ ಕಲಿಯುತ್ತಿದ್ದೇನೆ.

ನಡೆಯಲೇಬೇಕೆಂದಿಲ್ಲ, ಅಕ್ಕಾ. ಬೆರಳು ಮೊದಲು ಹೋಗಿಬರಲಿ.

ತಮ್ಮ


ಜನವರಿ ೧೧

ತಮ್ಮಾ,

ಬೀದಿ ನನ್ನ ಮಂಚದ ಪಕ್ಕದ ಮೇಜಿನ ಮೇಲಿದೆ. ದಿನವೂ ಬೆರಳು ಹೋಗಿ ಬರುತ್ತಿದೆ. ಮೆಟ್ಟಿಲಿಳಿದು, ಎದುರು ಮನೆ ಬಿಟ್ಟು, ಚರಂಡಿಯ ಹತ್ತಿರ ನಿಂತು, ದಾಟಿ, ಮಣ್ಣಿನ ಮೇಲೆ ಸ್ವಲ್ಪ ದೂರ. ಅವರ ಒರಟು ಎಲ್ಲಿ ಸಿಕ್ಕಿದರೂ ನನಗೆ ಗುರುತು ಸಿಗುತ್ತದೆ. ಮೊದಲ ದಿನ ಅಲ್ಲೇ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಡಬ್ಬಿಯ ಬುಡದ ಹನಿ ನಿಮ್ಮದು. ಹೆದರಿ ಹೆದರಿ ಹಚ್ಚಿದ್ದೀರಿ. ಆದರೆ ಆಚೆ ಹರಿದದ್ದೇ ಒಳ್ಳೆಯದಾಯಿತು, ಬೆರಳಿಗೆ ಬೇಗ ಸಿಗುತ್ತದೆ.

ಯಜಮಾನರು ನಿನ್ನೆ ಜೋರಾಗಿ ಸೀನಿದರು. ಮನೆಯವರೆಲ್ಲ ನೆಲ ನೋಡಿದರಂತೆ. ಏನೂ ಬೀಳಲಿಲ್ಲ.

ಈಗ ತಂಗಿ ಸಂತೆಗೆ ಹೋಗಿದ್ದಾಳೆ, ಯಜಮಾನರು ಒಳಗೆ ಮಲಗಿದ್ದಾರೆ. ಲಕೋಟೆಯ ಮೇಲಿನ ವಿಳಾಸವನ್ನು ಆಗಲೇ ಟೈಪ್ ಮಾಡಿಟ್ಟಿದ್ದೇನೆ. ಸ್ಟಾಂಪು ತಲೆಕೆಳಗಾಗಿದ್ದರೆ ಮನ್ನಿಸಿ. ಅದಕ್ಕೆ ಅಂಟು ಸ್ವಲ್ಪ ಜಾಸ್ತಿಯೇ ಹಚ್ಚಿದ್ದೇನೆ, ಕೆರೆಯಲು ಹೋಗಬೇಡಿ. ಬಾಗಿಲ ಹಿಂದಿನ ಕೋಲು ತೆಗೆದು ಧೂಳು ಒರೆಸಿದೆ. ಮಿಲ್ಲಿನ ಸದ್ದು ಕೇಳುತ್ತಿದೆ.

ತಂಗಿಗೆ ಹೇಳಿಲ್ಲ. ನೀವು ಉತ್ತರ ಬರೆದಾಗ ಅದನ್ನು ಓದಿ ಹೇಳುವವಳು ಅವಳೇ, ಆಗ ತಿಳಿಯುತ್ತದೆ. ಅವಳಿಗೆ ಅಳು ಬಂದರೆ ಅತ್ತುಕೊಳ್ಳಲು ಜಾಗ ಬಿಟ್ಟು ಬರೆಯಿರಿ.

ನಾನು ಹೊರಟೆ, ತಮ್ಮಾ. ಈ ಪತ್ರ ನಿಮ್ಮ ಕೈಯಲ್ಲಿದ್ದರೆ, ನನಗೆ ಡಬ್ಬಿ ಸಿಕ್ಕಿತು.

ಅಕ್ಕ